ನಾಲ್ಕನೆಯ ಹೆಗಲು

ಮುಕ್ತಾ ಅಣ್ಣನ ಫೋನಿನಲ್ಲಿ ಗಂಡಸರ ಹೆಸರು ಹುಡುಕುತ್ತಿದ್ದಳು. ಗ್ಯಾಸಿನವನು, ಕರೆಂಟಿನವನು, ಔಷಧದ ಅಂಗಡಿ, ಮುಚ್ಚಿಹೋದ ಪ್ರೆಸ್ಸು, ಕಾಕತಿಯಲ್ಲಿರುವ ತಂಗಿ, ಎಂದರೆ ತಾನು. ಐವತ್ತೇಳು ವರ್ಷ ಬಾಳಿದ ಮನುಷ್ಯನ ಫೋನಿನಲ್ಲಿ ಇದ್ದದ್ದು ಒಂಬತ್ತೇ ಹೆಸರು. ಅವನ್ನು ಓದುತ್ತ ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಪಾಂಡುರಂಗ ಬೆಳಗಿನ ಚಹಾ ಕುಡಿಯುತ್ತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಈಗ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಆದರೆ ಬೆಳಗಾವಿಯ ಟಿಳಕವಾಡಿಯ ಆ ಓಣಿಯಲ್ಲಿ ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಶವದ ಗಾಡಿ ಎರಡನೇ ರೈಲ್ವೆ ಗೇಟಿನ ರಸ್ತೆಯಲ್ಲೇ ನಿಂತಿತ್ತು. ಅಲ್ಲಿಯತನಕ ಹೊರಲು ನಾಲ್ಕು ಹೆಗಲು ಬೇಕು. ಮನೆ ಮಾಲಕರ ಮಗ ಪರಾಗ ಒಬ್ಬ, ಗಾಡಿಯ ಡ್ರೈವರ್ ವಿಕ್ರಮ ಒಬ್ಬ. ಇನ್ನಿಬ್ಬರು ಸಿಕ್ಕಿರಲಿಲ್ಲ. ಬೆಂಕಿಯ ಮಡಿಕೆ ಹಿಡಿದು ಮುಂದೆ ನಡೆಯುವವಳು ತಾನೇ ಎಂದು ಮುಕ್ತಾ ಹೇಳಿಯಾಗಿತ್ತು.

"ಅಕ್ಕಾ, ಇಲ್ಲಿ ಹಣಮಪ್ಪ ಖಾನಾಪುರ ಅಂತ ಒಂದ ಹೆಸರ ಐತಲ್ಲ?" ಎಂದ ಪರಾಗ. "ಒಂದ ಸಲನೂ ಫೋನ್ ಹಚ್ಚಿಲ್ಲ ನೋಡ್ರಿ, ಬರೇ ನಂಬರ ಇಟಗೊಂಡಾರ."

ಆ ಹೆಸರು ಮುಕ್ತಾಳಿಗೆ ಗೊತ್ತಿತ್ತು. "ಅವನ ಸಲುವಾಗೇ ನಮ್ಮ ದಾದಾ ಒಬ್ಬಂಟಿ ಆಗಿದ್ದು. ಹಚ್ಚು, ಬರ್ತಾನೇನು ನೋಡೂಣು."

ಪಾಂಡುರಂಗ ಹೋದ ಸುದ್ದಿಯನ್ನು ಪರಾಗ ಫೋನಿನಲ್ಲಿ ಹೇಳಿದ. ಆ ಕಡೆಯ ದನಿ ಹೇಳಿತು, "ಎತ್ತಬ್ಯಾಡ್ರಿ. ನಾ ಬರೂತನಾ ಎತ್ತಬ್ಯಾಡ್ರಿ."

ಓಣಿಯ ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಸ್ಕೂಟರಿಗೆ ಒರಗಿ ಬೆಳಗಿನಿಂದ ನಿಂತೇ ಇದ್ದ. ಭರಮಣ್ಣ. ಎರಡು ಓಣಿ ಆಚೆಯವನು, ಒಂದು ಕಾಲಕ್ಕೆ ಪಾಂಡುರಂಗನ ಕಾಲೇಜಿನ ಫುಟ್‌ಬಾಲ್ ಕ್ಯಾಪ್ಟನ್.

"ಒಳಗ ಬರ್ರಿ ಕಾಕಾ, ಕುಂದರ್ರಿ," ಎಂದ ಪರಾಗ.

"ಇರಲಿ. ಇಲ್ಲೇ ಅದೀನಿ."

"ನೀವು ಒಂದ ಹೆಗಲ ಕೊಟ್ರ..."

"ಅವನ ಮಂದಿ ಬ್ಯಾರೆ ಐತಪಾ. ಖಾನಾಪುರದಿಂದ ಬರ್ತಾರ, ತಡಿ." ಹಾಗೆಂದು ಭರಮಣ್ಣ ಮುಖ ತಿರುಗಿಸಿದ. ಮನೆಗೂ ಹೋಗಲಿಲ್ಲ, ಒಳಗೂ ಬರಲಿಲ್ಲ.

*

ಎಂಬತ್ತೊಂಬತ್ತನೆಯ ಇಸವಿಯ ಆಗಸ್ಟ್. ಮೈದಾನ ಎಂದರೆ ಬರೀ ಕೆಸರು. ಬೆಳಗಾವಿಯ ಕಾಲೇಜಿಗೂ ಖಾನಾಪುರದ ಕಾಲೇಜಿಗೂ ಸೆಮಿಫೈನಲ್. ಮೂರು ನಿಮಿಷ ಉಳಿದಿತ್ತು, ಬೆಳಗಾವಿ ಒಂದು ಗೋಲು ಮುಂದಿತ್ತು. ಖಾನಾಪುರದ ಹಣಮಪ್ಪ ಚೆಂಡು ಒಯ್ಯುತ್ತಿದ್ದ. ಎಲ್ಲರನ್ನೂ ದಾಟಿ ಬಂದವನ ಎದುರು ಉಳಿದವನು ಪಾಂಡುರಂಗ ಒಬ್ಬನೇ. ಚೆಂಡಿಗೆಂದು ಬೀಸಿದ ಕಾಲು ಚೆಂಡಿಗೆ ತಾಗಲಿಲ್ಲ. ಹಣಮಪ್ಪನ ಬಲಗಾಲಿನ ಮೂಳೆ ಮುರಿದ ಸದ್ದು ಗೋಲಿನಲ್ಲಿ ನಿಂತವನಿಗೂ ಕೇಳಿಸಿತು.

ಮ್ಯಾಚು ಮುಗಿದಾಗ ಬೆಳಗಾವಿಯ ಹುಡುಗರು ಭರಮಣ್ಣನನ್ನು ಹೊತ್ತು ಕುಣಿದರು. ಪಾಂಡುರಂಗ ಕೆಸರಿನ ಬೂಟಿನಲ್ಲೇ ಹಣಮಪ್ಪನನ್ನು ದವಾಖಾನೆಗೆ ಒಯ್ಯುವ ಟೆಂಪೊ ಹತ್ತಿದ. ಆ ರಾತ್ರಿ ಮಲಪ್ರಭೆ ಉಕ್ಕಿ ಸೇತುವೆ ಮುಳುಗಿತ್ತು. ಹಣಮಪ್ಪನ ಹಳ್ಳಿಯಿಂದ ಯಾರೂ ಬರುವಂತಿರಲಿಲ್ಲ. ಆಪರೇಶನ್ನಿಗೆ ಸಹಿ ಬೇಕೆಂದರು. ಕಾಗದದ ಮೇಲೆ 'ಸಂಬಂಧ' ಎಂದಿದ್ದಲ್ಲಿ ಪಾಂಡುರಂಗ 'ತಮ್ಮ' ಎಂದು ಬರೆದ.

ಮರುದಿನ ಮಧ್ಯಾಹ್ನ ಭರಮಣ್ಣ ದವಾಖಾನೆಗೆ ಬಂದ. "ನಾಲ್ಕಕ್ಕ ಫೈನಲ್ ಐತಿ. ನಡಿ."

"ಇವನ ಮನಿಯವ್ರು ಬಂದಿಲ್ಲೋ. ಇನ್ನೊಂದ ತಾಸಿಗೆ ಒಳಗ ಒಯ್ತಾರ."

"ನಮ್ಮನ್ನ ಬಿಟ್ಟು ಇವನ್ನ ಕಾಯ್ತೀಯೇನು?"

"ನಾನ ಮುರದೀನಲ್ಲೋ ಭರಮ್ಯಾ."

ಫೈನಲ್ ಸೋತರು, ಅದೂ ಎರಡು ಗೋಲಿನಿಂದ. "ಇವತ್ತಿಂದ ನೀ ಖಾನಾಪುರದವ" ಎಂದು ಭರಮಣ್ಣ ಎಲ್ಲರೆದುರು ಹೇಳಿದ. ಇಡೀ ತಂಡ ಹಾಗೆಯೇ ನಡೆದುಕೊಂಡಿತು. ಇಪ್ಪತ್ತರ ಹುಡುಗರ ಹಟ ಎಂದುಕೊಂಡರೆ, ಅದಕ್ಕೂ ವಯಸ್ಸಾಗಬೇಕಿತ್ತು, ಆಗಲಿಲ್ಲ.

ಪಾಂಡುರಂಗ ಪ್ರೆಸ್ಸು ಸೇರಿದ. ಮದುವೆ ಕಾರ್ಡುಗಳ ಕರಡು ತಿದ್ದುವ ಕೆಲಸ, ಕನ್ನಡದ್ದೂ ಮರಾಠಿಯದ್ದೂ. ಊರಿನ ಅರ್ಧ ಮದುವೆಗಳು ಅವನ ಕಣ್ಣು ದಾಟಿ ಹೋದವು. ಭರಮಣ್ಣನ ಮಗಳ ಕಾರ್ಡಿನಲ್ಲಿ ತಪ್ಪಾಗಿದ್ದ ಮುಹೂರ್ತವನ್ನು ಸರಿ ಮಾಡಿದವನೂ ಅವನೇ. ಊಟಕ್ಕೆ ಕರೆ ಬಂದಿರಲಿಲ್ಲ.

*

ಹಣಮಪ್ಪ ಬಂದಾಗ ಹನ್ನೆರಡು ದಾಟಿತ್ತು. ಆಟೊ ಓಣಿಯ ಬಾಯಿಯಲ್ಲೇ ಇಳಿಸಿತ್ತು. ಬಲಗಾಲು ಎಳೆಯುತ್ತ, ಕೋಲು ಊರುತ್ತ ನಡೆದು ಬಂದ. ಅಂಗಿಯ ಮೇಲೆ ಹಿಟ್ಟಿನ ಬಿಳುಪು ಹಾಗೇ ಇತ್ತು. ಖಾನಾಪುರದ ಬಸ್‌ಸ್ಟ್ಯಾಂಡ್ ಬಾಜು ಅವನದೊಂದು ಹಿಟ್ಟಿನ ಗಿರಣಿ. ಚಟ್ಟದ ಮೇಲೆ ಮಲಗಿಸಿದ್ದ ಪಾಂಡುರಂಗನ ಮುಖ ನೋಡಿ ಕೇಳಿದ, "ನನ್ನ ನಂಬರ ನಿಮಗೆಲ್ಲಿ ಸಿಕ್ತರಿ?"

"ಅವನ ಫೋನಿನ್ಯಾಗ ಇತ್ತು," ಎಂದಳು ಮುಕ್ತಾ.

"ಈ ನಂಬರ ನಾ ಯಾರಿಗೂ ಕೊಟ್ಟಾಂವಲ್ಲ. ಗಿರಣಿ ಬೋರ್ಡಿನ ಮ್ಯಾಲ ಅಷ್ಟ ಐತಿ." ಹಣಮಪ್ಪ ಮತ್ತೆ ಆ ಮುಖ ನೋಡಿದ. "ಅಂದ್ರ ಅಲ್ಲೀತನಾ ಬಂದಿದ್ದ. ಬಾಗಲದಾಗ ನಿಂತು ನಂಬರ ಬರಕೊಂಡು ಹೋಗ್ಯಾನ. ಒಳಗ ಯಾಕ ಬರಲಿಲ್ಲ?"

ಓಣಿಯ ಆಚೆಯಿಂದ ಭರಮಣ್ಣ ಎರಡು ಹೆಜ್ಜೆ ಮುಂದೆ ಬಂದ. "ಯಾಕ, ನಿಮ್ಮ ಜೋಡಿ ಇರತಿದ್ದಿಲ್ಲೇನು ಅವ?"

ಹಣಮಪ್ಪ ಅವನ ಗುರುತು ಹಿಡಿದ. "ಕ್ಯಾಪ್ಟನ್ನರು ಅಲ್ಲೇನ್ರಿ? ನನ್ನ ಜೋಡಿ ಎಲ್ಲಿ? ಒಂಬತ್ತ ದಿನ ನನ್ನ ಹೇಲು ಉಚ್ಚಿ ಬಳದ. ನಾ ಒಂದ ಮಾತ ಆಡಲಿಲ್ಲ. ಮನಿಗೆ ಹೊಂಟಾಗ, ಇನ್ನ ಮಾರಿ ತೋರಸಬ್ಯಾಡ ಅಂದೆ. ಆಮ್ಯಾಲ ಬಾಳ ಕೆಟ್ಟ ಅನಸ್ತು. ಆದ್ರೂ ಅವಂಗೇನ ಕಡಿಮಿ, ಟೀಮಿನ ಹತ್ತ ಮಂದಿ ದೋಸ್ತರು ಅದಾರ ಅಂತ ಸುಮ್ಮಕುಂತೆ."

ಭರಮಣ್ಣ, "ನಾವು... ಅವ ನಿಮ್ಮಲ್ಲೇ ಹೋಗಿ ಬಂದು ಮಾಡತಾನಂತ ತಿಳದಿದ್ವಿ," ಎಂದ.

"ಛೀ!" ಮುಕ್ತಾಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. "ಮೂವತ್ತಾರ ವರ್ಷ! ನೀವು ಇವ್ರ ಕಡೆ ಅದಾನ ಅಂದ್ರಿ, ಇವ್ರು ನಿಮ್ಮ ಕಡೆ ಅದಾನ ಅಂದ್ರು. ಅವ ಎಲ್ಲಿದ್ದ ಗೊತ್ತೈತೇನು? ಈ ಖೋಲ್ಯಾಗ ಇದ್ದ. ದೀಪಾವಳಿಗೆ ನಾ ಬಂದ್ರ ಬಾಗಲದಾಗ ನಿಂತಿರತಿದ್ದ, ಹೊಂಟ ಮ್ಯಾಲೂ ಅಲ್ಲೇ ನಿಂತಿರತಿದ್ದ. ಒಬ್ಬರರ ಬಂದು ಒಂದ ಕಪ್ ಚಹಾ ಕುಡದ್ರೇನು?"



ವಿಕ್ರಮ ಮೆಲ್ಲಗೆ ಕೆಮ್ಮಿದ. "ಹೊತ್ತಾತ್ರಿ. ಇನ್ನೊಬ್ಬರು ಬೇಕು."

ಹಣಮಪ್ಪ ಆಗಲೇ ಕೋಲು ಗೋಡೆಗೆ ಒರಗಿಸಿ ಚಟ್ಟದ ಮುಂದಿನ ಬಲಬದಿಗೆ ನಿಂತಿದ್ದ.

"ನಿಮಗ ಆಗೂದಿಲ್ಲ ಬಿಡ್ರಿ ಕಾಕಾ, ಕಾಲ..." ಎಂದ ಪರಾಗ.

"ತಮ್ಮ ಅಂತ ಬರದಾನ ಅವ. ನೀ ಸುಮ್ಮಿರು."

ಮುಂದಿನ ಎಡಬದಿ ಖಾಲಿ ಇತ್ತು. ಭರಮಣ್ಣ ಆ ಜಾಗವನ್ನು ನೋಡಿದ, ಮುಕ್ತಾಳನ್ನು ನೋಡಿದ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಚಪ್ಪಲಿ ಬಿಟ್ಟು ಅಂಗಳ ದಾಟಿ ಬಂದು ಬಗ್ಗಿದ.

"ಹಿಂದ ತಿರುಗಿ ನೋಡಬ್ಯಾಡ್ರಿ ಅಕ್ಕಾ," ಎಂದು ಪರಾಗ ನೆನಪಿಸಿದ. ಮುಕ್ತಾ ಮಡಿಕೆ ಹಿಡಿದು ನಡೆದಳು. ಹಿಂದಿನಿಂದ ಚಟ್ಟ ಜೋಲಿ ಹೊಡೆಯುವುದು ಅವಳಿಗೆ ಕೇಳುತ್ತಿತ್ತು. ಹಣಮಪ್ಪನ ಕಾಲು ಕುಸಿದಾಗಲೆಲ್ಲ ಬಿದಿರು ಕಿರ್ರೆನ್ನುತ್ತಿತ್ತು. "ಪಾಂಡುರಂಗ ಅಲ್ಲಾಡಾಕತ್ತಾನ, ಅಲ್ಲಾಡಾಕತ್ತಾನ" ಎಂದು ಭರಮಣ್ಣ ಹೇಳಿದ.

ಸ್ವಲ್ಪ ದೂರ ಹೋದ ಮೇಲೆ ಬಿದಿರಿನ ಸದ್ದು ನಿಂತಿತು. ಮುಕ್ತಾ ಕಿವಿಗೊಟ್ಟಳು. ಸಿಮೆಂಟಿನ ನೆಲದ ಮೇಲೆ ಒಂದು ಹೆಜ್ಜೆ ಊರುವುದು, ಒಂದು ಎಳೆಯುವುದು, ಊರುವುದು, ಎಳೆಯುವುದು. ಬಲಬದಿಯಿಂದಲೂ ಅದೇ, ಎಡಬದಿಯಿಂದಲೂ ಅದೇ, ಎರಡೂ ಒಟ್ಟಿಗೆ. ಭರಮಣ್ಣನ ಕಾಲಿಗೆ ಏನೂ ಆಗಿರಲಿಲ್ಲ.