ಚಾಮುಂಡಿ ಟೀಚರ ಮಲಯ್ ಕ್ಲಾಸು

ಮಲೇಷ್ಯಾದ ಪುಚೊಂಗಿನ ಕನ್ನಡದವರ ನಡುವೆ ಚಾಮುಂಡಿ ಟೀಚರಿಗೆ ಇದ್ದ ಗೌರವವೇ ಬೇರೆ. ಗಂಡ ಗಂಗಾಧರ ಅವರಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ ಮೈಸೂರಿನಿಂದ ಬಂದವರು, ಮನೆಯ ಊಟದ ಮೇಜಿನ ಮೇಲೇ ಗಣಿತ ಹೇಳಿಕೊಟ್ಟು ಸುತ್ತಮುತ್ತಲ ಅಪಾರ್ಟ್‌ಮೆಂಟುಗಳ ಮಕ್ಕಳನ್ನೆಲ್ಲ ಪಾಸು ಮಾಡಿಸಿದವರು. ಸೆರಗು ಸಿಕ್ಕಿಸಿ ನಿಂತರೆಂದರೆ ಮಕ್ಕಳಿರಲಿ, ಅವರ ಅಪ್ಪಂದಿರೂ ದನಿ ತಗ್ಗಿಸುತ್ತಿದ್ದರು. ಅಂಥವರು ಹಾಡುಹಗಲಲ್ಲಿ ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದರು ಎಂದರೆ ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ಟೀಚರು ಯಾರಿಗೂ ಹೇಳಲೂ ಇಲ್ಲ.

ಕುಡಿತ ಸದ್ದಿಲ್ಲದೆ ಶುರುವಾಗಿತ್ತು. ಮಕ್ಕಳು ಫೋನಿನಲ್ಲೇ ಪಾಠ ಕಲಿಯತೊಡಗಿದ ಮೇಲೆ ಟ್ಯೂಷನ್ನಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಗಂಗಾಧರ ಕಂಪನಿಯ ಕೆಲಸದ ಮೇಲೆ ವಾರವಿಡೀ ದೂರದ ಪೆನಾಂಗಿನಲ್ಲಿ, ಮಗಳು ವಿಸ್ಮಯಾ ಬಾಂಗ್ಸಾರಿನ ಆಫೀಸಿನಲ್ಲಿ. ಮಧ್ಯಾಹ್ನಗಳು ಕಳೆಯುತ್ತಲೇ ಇರಲಿಲ್ಲ. ನೆಗಡಿಗೆಂದು ಒಂದು ಚಮಚ ಬ್ರಾಂದಿ, ಮಂಡಿನೋವಿಗೆಂದು ಇನ್ನೊಂದು. ಆಮೇಲೆ ನೆಪವೂ ಬೇಕಾಗಲಿಲ್ಲ. ಸ್ಟೀಲಿನ ಲೋಟದಲ್ಲಿ ಇರುವುದು ಕಷಾಯ ಎಂದೇ ಮನೆಯವರು ತಿಳಿದಿದ್ದರು.

ಆ ದಿನ ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದರು. ತಿರುವಿನಲ್ಲಿ ಕಾರು ಫುಟ್‌ಪಾತ್ ಹತ್ತಿ ಹಣ್ಣಿನ ಅಂಗಡಿಯ ದೊಡ್ಡ ಕೊಡೆಯನ್ನು ಉರುಳಿಸಿ, ಹಲಸಿನ ತೊಳೆಗಳ ಪೊಟ್ಟಣಗಳ ಮೇಲೆ ಹೋಗಿ ನಿಂತಿತು. ಅಂಗಡಿಯ ಮುದುಕ ಪಕ್ಕಕ್ಕೆ ನೆಗೆದು ಬದುಕಿಕೊಂಡ. ಅವನ ಒಂದು ಚಪ್ಪಲಿ ಮಾತ್ರ ಮುಂದಿನ ಚಕ್ರದಡಿ ಸಿಕ್ಕಿಕೊಂಡಿತ್ತು. ಆ ಚಪ್ಪಲಿಯನ್ನು ನೋಡಿದ ಕ್ಷಣದಲ್ಲೇ ಅಮಲು ಇಳಿಯಿತು. ಅದರೊಳಗೆ ಕಾಲೂ ಇರಬಹುದಿತ್ತು.

ಠಾಣೆಗೆ ಬಂದ ಗಂಗಾಧರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಟೀಚರಿಗೆ. ಮುಂದಿನ ತಿಂಗಳೇ ಅವರು ಪೆನಾಂಗ್ ಬಿಟ್ಟು ಮನೆಗೆ ಹತ್ತಿರದ ಪೆಟಾಲಿಂಗ್ ಜಯಾದ ಘಟಕಕ್ಕೆ ವರ್ಗ ಕೇಳಿ ಬಂದರು. ವಿಸ್ಮಯಾ ಅಮ್ಮನ ಪಕ್ಕದಲ್ಲಿ ಕೂತು, “ಯು ಕುಡ್ ಹ್ಯಾವ್ ಟೋಲ್ಡ್ ಮಿ, ಅಮ್ಮಾ,” ಎಂದಷ್ಟೇ ಹೇಳಿದಳು.

ಮ್ಯಾಜಿಸ್ಟ್ರೇಟ್ ವಯಸ್ಸಿನಲ್ಲಿ ಚಿಕ್ಕ ಹೆಂಗಸು, ವಿಸ್ಮಯಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದರೆ ಹೆಚ್ಚು. ಲೈಸೆನ್ಸನ್ನು ಅಮಾನತಿನಲ್ಲಿಟ್ಟು, ಜೈಲಿನ ಬದಲು ನ್ಯಾಯಾಲಯದ ನಿಗಾದಲ್ಲಿ ನಡೆಯುವ ಚಿಕಿತ್ಸೆಗೆ ಒಪ್ಪುತ್ತೀರಾ ಎಂದು ಕೇಳಿದಳು. ಪ್ರತಿ ಗುರುವಾರ ಗುಂಪಿನ ಸಭೆಗೆ ಹೋಗಬೇಕು, ಹೇಳದೆ ಕೇಳದೆ ಮಾಡುವ ಉಸಿರಿನ ಪರೀಕ್ಷೆಗೆ ಸಿದ್ಧರಿರಬೇಕು, ತಿಂಗಳಿಗೊಮ್ಮೆ ತನ್ನ ಮುಂದೆ ಬಂದು ನಿಲ್ಲಬೇಕು. ಟೀಚರು ತಲೆಯಾಡಿಸಿದರು. ಜೀವನದಲ್ಲಿ ಮೊದಲ ಸಲ ಹಾಜರಿ ಕೊಡುವವರ ಸಾಲಿಗೆ ಸೇರಿದ್ದರು.

ಮೊದಲ ಗುರುವಾರ ಲಿಫ್ಟಿನಲ್ಲಿ ಸಿಕ್ಕವನು ಕನ್ನಡ ಬಳಗದ ಕಾರ್ಯದರ್ಶಿ ಕೌಸ್ತುಭ. ಕಾರು ಬಿಟ್ಟು ರೈಲಿಗೆ ಹೊರಟಿರುವ ಟೀಚರನ್ನು ನೋಡಿ ಎಲ್ಲಿಗೆಂದು ಕೇಳಿದ. ಬಾಯಿಗೆ ಬಂದದ್ದು, “ಮಲಯ್ ಕ್ಲಾಸಿಗೆ ಕಣಪ್ಪಾ.” ಇಷ್ಟು ವರ್ಷ ಈ ದೇಶದಲ್ಲಿದ್ದು ಈಗ ಭಾಷೆ ಕಲಿಯಲು ಹೊರಟಿದ್ದಾರಲ್ಲ ಎಂದು ಕೌಸ್ತುಭನಿಗೆ ಬಹಳ ಸಂತೋಷವಾಯಿತು. ಸಂಜೆಯೊಳಗೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಗಳು ಬಂದಿದ್ದವು.

ಅದು ಪೂರಾ ಸುಳ್ಳೂ ಆಗಿರಲಿಲ್ಲ. ಸಭೆ ನಡೆಯುತ್ತಿದ್ದುದು ಮಲಯ್‌ನಲ್ಲೇ. ಟೀಚರಿಗೆ ಬರುತ್ತಿದ್ದುದು ತರಕಾರಿ ಚೌಕಾಸಿಗೆ ಸಾಲುವಷ್ಟು ಮಾತ್ರ. ಮೇಲ್ವಿಚಾರಣಾ ಅಧಿಕಾರಿ ಪುವಾನ್ ರೊಹಾನಿ, ಅಂದರೆ ಶ್ರೀಮತಿ ರೊಹಾನಿ, ನಿಮ್ಮ ಬಗ್ಗೆ ಹೇಳಿ ಎಂದಾಗ, ನಾಚಿಕೆಯಾಗುತ್ತಿದೆ ಅನ್ನಲು ‘ಮಲು’ ಎನ್ನಬೇಕಾದ ಜಾಗದಲ್ಲಿ ‘ಮಲಸ್’ ಎಂದುಬಿಟ್ಟರು. ಅಂದರೆ, ನಾನು ಸೋಮಾರಿ. ಎದುರು ಕೂತಿದ್ದ ದಪ್ಪ ಮೀಸೆಯ ಮನುಷ್ಯ ಗಂಭೀರವಾಗಿ, ನಾವೂ ಅಷ್ಟೇ ಎಂದ. ಇಡೀ ಕೋಣೆ ನಕ್ಕಿತು, ಅರ್ಥ ತಿಳಿದ ಮೇಲೆ ಟೀಚರೂ ನಕ್ಕರು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆ ಮೀಸೆಯವನ ಹೆಸರು ಇಳಂಗೋ. ಕ್ಲಾಂಗ್‌ನಲ್ಲಿ ಹುಟ್ಟಿ ಬೆಳೆದ ತಮಿಳ, ಲಾರಿ ಡ್ರೈವರ್. ದೂರದ ಜೊಹೊರ್ ದಾರಿಯಲ್ಲಿ ನಿದ್ದೆ ಬಾರದಿರಲೆಂದು ಮಾತ್ರೆ ನುಂಗಲು ಶುರುಮಾಡಿ, ಕೊನೆಗೆ ಮಾತ್ರೆಯಿಲ್ಲದೆ ಹಾಸಿಗೆಯಿಂದಲೇ ಏಳಲಾಗದ ಸ್ಥಿತಿಗೆ ಬಂದು ಸಿಕ್ಕಿಬಿದ್ದವನು. ಟೀಚರನ್ನು ಅವನು ‘ಚಿಕ್ಗು’ ಎಂದು ಕರೆಯತೊಡಗಿದ. ಆ ಊರಿನಲ್ಲಿ ಮೇಷ್ಟರಿಗೆ, ಟೀಚರಿಗೆ ಎಲ್ಲರೂ ಕರೆಯುವುದು ಹಾಗೆಯೇ. ಅವನು ತಪ್ಪು ತಿದ್ದುತ್ತಿದ್ದ, ಅವರು ಮನೆಯಿಂದ ಚಕ್ಕುಲಿ ತರುತ್ತಿದ್ದರು. ಆ ಕೋಣೆಯಲ್ಲಿ ಯಾರಿಗೂ ಅವರನ್ನು ಕಂಡರೆ ಭಯವಿರಲಿಲ್ಲ. ಅದರಿಂದ ಮನಸ್ಸು ಇಷ್ಟು ಹಗುರಾಗುತ್ತದೆಂದು ಟೀಚರಿಗೆ ಗೊತ್ತೇ ಇರಲಿಲ್ಲ.

ಹಾಗೆಂದು ಎಲ್ಲವೂ ಸಲೀಸಾಗಿ ಸಾಗಲಿಲ್ಲ. ಒಂದು ಗುರುವಾರ ಉಸಿರಿನ ಯಂತ್ರ ಕೆಂಪು ತೋರಿಸಿತು. ಟೀಚರು ಕೆರಳಿ, ತಾವು ಬ್ರಾಂದಿ ಮುಟ್ಟಿಲ್ಲ, ಕುಡಿದದ್ದು ಮೈಸೂರಿನಿಂದ ತರಿಸಿದ ದಶಮೂಲಾರಿಷ್ಟ, ಬಾಣಂತಿಯರಿಗೆ ಕೊಡುವ ಔಷಧ ಎಂದು ವಾದಿಸಿದರು. ಗಂಗಾಧರ ಕೂಡ ಇಂಟರ್ನೆಟ್ಟಿನಲ್ಲಿ ಹುಡುಕಿ, ಅರಿಷ್ಟದಲ್ಲಿ ತಾನಾಗಿಯೇ ಮದ್ಯಾಂಶ ಇರುತ್ತದೆ ಎಂಬುದಕ್ಕೆ ಆಧಾರ ಹಿಡಿದು ತಂದರು. ಆ ತಿಂಗಳ ಹಾಜರಿಯಲ್ಲಿ ಮ್ಯಾಜಿಸ್ಟ್ರೇಟ್ ಎಲ್ಲವನ್ನೂ ತಾಳ್ಮೆಯಿಂದ ಓದಿದಳು. ಔಷಧದ ಬಗ್ಗೆ ತನ್ನ ತಕರಾರೇನೂ ಇಲ್ಲ, ಎಷ್ಟು ಚಮಚ ಕುಡಿದಿರಿ ಎಂದಷ್ಟೇ ಕೇಳಿದಳು.

ಎರಡು ಎನ್ನಲು ಬಾಯಿ ತೆರೆದರು ಟೀಚರು. ಎಷ್ಟೋ ಮಕ್ಕಳು ಅವರೆದುರು ನಿಂತು ಹೋಂವರ್ಕ್ ಮನೆಯಲ್ಲಿ ಮರೆತೆ ಎಂದಿದ್ದರು. ಹೇಳುವಾಗ ಅವರ ಕಣ್ಣು ಎಲ್ಲಿಗೆ ಹೋಗುತ್ತಿತ್ತೋ, ತಮ್ಮ ಕಣ್ಣೂ ಈಗ ಅಲ್ಲೇ, ಕಿಟಕಿಯ ಕಡೆಗೆ ಹೋಗಿರುವುದು ಅವರಿಗೇ ತಿಳಿಯಿತು.

“ಅರ್ಧ ಬಾಟಲಿ,” ಎಂದರು ಮೆಲ್ಲಗೆ.

ಹಿಂದಿನ ಬೆಂಚಿನಲ್ಲಿ ಗಂಗಾಧರ ತಂದಿದ್ದ ಕಾಗದಗಳನ್ನೆಲ್ಲ ಮಡಿಸಿ ಚೀಲಕ್ಕೆ ತುರುಕಿದರು. ಮ್ಯಾಜಿಸ್ಟ್ರೇಟ್ ವಾರಕ್ಕೆ ಒಂದಿದ್ದ ಸಭೆಯನ್ನು ಎರಡು ಮಾಡಿದಳು, ಚಿಕಿತ್ಸೆಯ ಅವಧಿಯನ್ನೂ ಬೆಳೆಸಿದಳು. ಆದರೆ ಇಷ್ಟು ತಿಂಗಳಲ್ಲಿ ನೀವು ಕೊಟ್ಟ ಅತ್ಯುತ್ತಮ ಉತ್ತರ ಇದು ಎಂದೂ ಸೇರಿಸಿದಳು. ಹೊರಗೆ ಬಂದ ಮೇಲೆ ಗಂಗಾಧರ, “ಅಲ್ಲ ಚಾಮು, ಅದು ಅಷ್ಟೊಂದು ಕಹಿಯಾಗಿರುತ್ತಲ್ಲ, ಅರ್ಧ ಬಾಟಲಿ ಹೆಂಗ್ ಕುಡಿದೆ?” ಎಂದರು. ಟೀಚರು ಅಳುತ್ತಿದ್ದವರು ನಗತೊಡಗಿದರು. ಅಂದು ಸಂಜೆ ಗಂಡಹೆಂಡತಿ ಅಡುಗೆಮನೆಯ ಕಪಾಟುಗಳನ್ನೆಲ್ಲ ಬರಿದು ಮಾಡಿದರು. ಕೇಕಿಗೆ ಹಾಕುವ ಎಸೆನ್ಸೂ ಹೊರಗೆ ಹೋಯಿತು.

ರಾಜ್ಯೋತ್ಸವ ಹತ್ತಿರ ಬಂತು. ಆ ವರ್ಷ ನಗರಸಭೆಯ ಒಬ್ಬ ಸದಸ್ಯರು ಮುಖ್ಯ ಅತಿಥಿ. ಅವರಿಗೆ ಅರ್ಥವಾಗುವಂತೆ ಮಲಯ್‌ನಲ್ಲಿ ಸ್ವಾಗತ ಭಾಷಣ ಆಗಬೇಕು, ಅದನ್ನು ಚಾಮುಂಡಿ ಟೀಚರೇ ಮಾಡಬೇಕು ಎಂದು ಕೌಸ್ತುಭ ಪಟ್ಟು ಹಿಡಿದ. ತಪ್ಪಿಸಿಕೊಳ್ಳಲು ದಾರಿ ಕಾಣದೆ ಟೀಚರು ಒಪ್ಪಿದರು. ಗುರುವಾರದ ಗುಂಪಿನವರೆಲ್ಲ ಸೇರಿ ಭಾಷಣ ತಿದ್ದಿಕೊಟ್ಟರು, ಪುವಾನ್ ರೊಹಾನಿ ಉಚ್ಚಾರ ಸರಿಮಾಡಿದರು.

ಹಬ್ಬದ ದಿನ ಬೆಳಿಗ್ಗೆ ಪೆಟಾಲಿಂಗ್ ಜಯಾದ ಸಭಾಂಗಣದಲ್ಲಿ ಹೆಂಗಸರು ಕೆಂಪು ಹಳದಿ ಬಟ್ಟೆ ಕಟ್ಟುತ್ತಿದ್ದಾಗ ಕುರ್ಚಿಗಳನ್ನು ಹೊತ್ತ ಸಣ್ಣ ಲಾರಿಯೊಂದು ಬಾಗಿಲಿಗೆ ಬಂತು. ಅದರಿಂದ ಇಳಿದವನು ಇಳಂಗೋ. ದೂರದ ಓಡಾಟ ಬಿಟ್ಟು ಊರೊಳಗಿನ ಬಾಡಿಗೆ ಕೆಲಸ ಹಿಡಿದಿದ್ದ. ಇಂದಿನ ಬಾಡಿಗೆ ಯಾರದೆಂದು ಅವನಿಗೂ ಗೊತ್ತಿರಲಿಲ್ಲ. “ಚಿಕ್ಗು!” ಎಂದು ಮುಖವೆಲ್ಲ ಅರಳಿಸಿಕೊಂಡು ಓಡಿಬಂದ.

ಕೌಸ್ತುಭನಿಗೆ ಕುತೂಹಲವಾಯಿತು. ಟೀಚರನ್ನು ಹೇಗೆ ಗೊತ್ತು ಎಂದು ಕೇಳಿದ. ಟೀಚರ ಮುಖ ನೋಡಿ ಇಳಂಗೋ ವಿಷಯ ಅರ್ಥಮಾಡಿಕೊಂಡ. ಅವರನ್ನು ಉಳಿಸಲೆಂದು ತಾವಿಬ್ಬರೂ ಒಂದೇ ಮಲಯ್ ಕ್ಲಾಸಿನವರು ಎಂದುಬಿಟ್ಟ. ಆದರೆ ಅದನ್ನು ಹೇಳಿದ್ದು ಹುಟ್ಟಿನಿಂದ ಆಡಿಕೊಂಡು ಬಂದ, ನೀರು ಹರಿದಂಥ ಮಲಯ್‌ನಲ್ಲಿ. ಬಟ್ಟೆ ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಇಳಂಗೋನಿಗೂ ಎಡವಟ್ಟು ಹೊಳೆದು ಮೀಸೆ ತಿರುವುತ್ತಾ ನಿಂತ.

ಪಾಪ, ತನಗಾಗಿ ಸುಳ್ಳು ಹೇಳಲು ಹೋಗಿ ಈ ಮನುಷ್ಯ ಎಷ್ಟು ಪೇಚಿಗೆ ಸಿಕ್ಕಿದ ಎಂದು ಟೀಚರಿಗೆ ಮರುಕವಾಯಿತು. ಅದರ ಹಿಂದೆಯೇ ಧೈರ್ಯವೂ ಬಂತು.

“ಅದು ಮಲಯ್ ಕ್ಲಾಸಲ್ಲ ಕೌಸ್ತುಭ,” ಎಂದರು. “ನಾನು ಕುಡಿದು ಕಾರ್ ಓಡಿಸಿ ಸಿಕ್ಕಿಬಿದ್ದೆ. ಒಬ್ಬ ಮುದುಕ ಸ್ವಲ್ಪದರಲ್ಲಿ ಉಳ್ಕೊಂಡ. ಕೋರ್ಟು ನನ್ನನ್ನ ಟ್ರೀಟ್‌ಮೆಂಟಿಗೆ ಹಾಕಿದೆ. ಇವರು ನನ್ನ ಜೊತೆ ಇರೋರು. ಒಳ್ಳೆಯವರು.”

ಕೌಸ್ತುಭ ಕೈಯಲ್ಲಿದ್ದ ದಾರದುಂಡೆಯನ್ನೇ ನೋಡುತ್ತಿದ್ದ. ಭಾಷಣ ಬೇರೆಯವರಿಗೆ ಕೊಡುವುದಾದರೆ ಕೊಡು, ನನಗೇನೂ ಬೇಸರವಿಲ್ಲ ಎಂದರು ಟೀಚರು. ಅವನು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, “ಬೇರೆ ಯಾರಿಗೂ ಭಾಷಣ ಮಾಡೋವಷ್ಟು ಮಲಯ್ ಬರಲ್ವಲ್ಲ ಮೇಡಂ,” ಎಂದು ದೀನನಾಗಿ ಹೇಳಿದ.

ಹಾಗಾಗಿ ಟೀಚರೇ ವೇದಿಕೆ ಹತ್ತಿದರು. ಸ್ವಾಗತ ಕೋರಿದರು, ಕನ್ನಡದ ಬಗ್ಗೆ ನಾಲ್ಕು ಮಾತು ಹೇಳಿದರು. ಕೊನೆಗೆ, ಬರೆದುಕೊಂಡಿರದಿದ್ದ ಒಂದು ಮಾತು: ಈ ಭಾಷೆಯನ್ನು ನನಗೆ ಕಲಿಸಿದ್ದು ನ್ಯಾಯಾಲಯ ಮತ್ತು ನನ್ನ ಹಾಗೆಯೇ ಬಿದ್ದು ಎದ್ದ ಗೆಳೆಯರು, ಅವರಿಗೆ ನಾನು ಋಣಿ. ಅತಿಥಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹೆಚ್ಚೇನೂ ತಿಳಿಯದ ಸಭೆ ಭಾಷಣ ಮುಗಿಯಿತೆಂದು ಜೋರಾಗಿ ಚಪ್ಪಾಳೆ ತಟ್ಟಿತು. ಬಾಗಿಲಲ್ಲಿ ಇಳಂಗೋ, ಮೂರನೆಯ ಸಾಲಿನಲ್ಲಿ, ಫ್ಯಾಕ್ಟರಿಯಲ್ಲಿ ಮಲಯ್ ಕೇಳಿ ಕೇಳಿ ಅರ್ಥವಾಗುತ್ತಿದ್ದ ಗಂಗಾಧರ ಮಾತ್ರ ಎದ್ದು ನಿಂತು ತಟ್ಟಿದರು. ಇಂಗ್ಲಿಷ್ ಶಾಲೆಯಲ್ಲೇ ಓದಿದ್ದ ವಿಸ್ಮಯಾ ಅಪ್ಪನನ್ನು ಅರ್ಥ ಕೇಳಿ ತಿಳಿದುಕೊಂಡು ತಾನೂ ಎದ್ದಳು.

ಊಟದ ಹೊತ್ತಿಗೆ ಸುದ್ದಿ ಎಲೆಯಿಂದ ಎಲೆಗೆ ಸಾಗಿತ್ತು. ಕೆಲವರು ಟೀಚರ ಪಕ್ಕದ ಎಲೆ ಬಿಟ್ಟು ಆಚೆ ಕೂತರು. ಅದು ಚುಚ್ಚಿತು. ಆದರೂ ಬಿಸಿಬೇಳೆಬಾತು ರುಚಿಸಿತು, ಎರಡನೆಯ ಸಲವೂ ಹಾಕಿಸಿಕೊಂಡರು. ಬಚ್ಚಿಡಲು ಏನೂ ಇಲ್ಲದವರಿಗೆ ಹಸಿವು ಚೆನ್ನಾಗಿಯೇ ಆಗುತ್ತದೆಂದು ತೋರಿತು.

ಮರುದಿನ ಫೋನು ಬಂತು. ಹುಬ್ಬಳ್ಳಿ ಕಡೆಯ ಅಜ್ರಾ, ಬಳಗದಲ್ಲಿ ಯಾರೊಡನೆಯೂ ಹೆಚ್ಚು ಮಾತಾಡದ ಹಲ್ಲಿನ ಡಾಕ್ಟರು. ತನ್ನ ತಮ್ಮ ಜುಹೈಬ್ ಎಂಜಿನಿಯರು, ತನ್ನ ಮನೆಯಲ್ಲೇ ಇರುವವನು, ಬೆನ್ನುನೋವಿನ ಮಾತ್ರೆಗೆ ಅಂಟಿಕೊಂಡು ವರ್ಷವಾಯಿತು ಎಂದು ತಡವರಿಸುತ್ತಾ ಹೇಳಿದಳು.

“ಯಾರ ಮುಂದ ಹೇಳೋದು ಅಂತ ಗೊತ್ತಾಗಿರಲಿಲ್ರಿ ಟೀಚರ. ಪೊಲೀಸ್ ಕೇಸ್ ಆಗೋತನಕ ಕಾಯಬೇಕೇನ್ರಿ?”

“ಯಾಕಮ್ಮ ಕಾಯ್ತೀಯ? ಕೇಸ್ ಇಲ್ದೇನೂ ಬರಬಹುದು, ನಾನು ಕೇಳಿದ್ದೀನಿ. ಗುರುವಾರ ರೈಲ್ವೆ ಸ್ಟೇಷನ್ ಹತ್ರ ಕರ್ಕೊಂಡು ಬಾ.”

ಗುರುವಾರ ಮೂವರೂ ರೈಲಿನಲ್ಲಿ ಹೋದರು. ಜುಹೈಬ್ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಸಭೆಯಲ್ಲಿ ಅವನ ಸರದಿ ಬಂತು. ಅವನು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಇಂಗ್ಲಿಷಿನಲ್ಲೇ, ತನಗೆ ಹೇಳಲು ಬೇಕಾದಷ್ಟಿದೆ, ಆದರೆ ಅದಕ್ಕೆ ಮೊದಲು ಈ ಚಹಾ ಯಾರು ಮಾಡಿದ್ದೆಂದು ತಿಳಿಯಬೇಕು, ಇಷ್ಟು ಕೆಟ್ಟ ಚಹಾ ಹುಟ್ಟಿದಾಗಿನಿಂದ ಕುಡಿದಿಲ್ಲ ಎಂದ. ಚಹಾ ಮಾಡಿದ್ದ ಪುವಾನ್ ರೊಹಾನಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಇಳಿದ ಮೇಲೆ ಇಳಂಗೋ ತನ್ನ ಕುರ್ಚಿಯನ್ನು ಜುಹೈಬ್‌ನ ಹತ್ತಿರಕ್ಕೆ ಎಳೆದುಕೊಂಡ, ಟೀಚರು ಚಕ್ಕುಲಿಯ ಡಬ್ಬಿ ಮುಂದೆ ತಳ್ಳಿದರು. ಜುಹೈಬ್ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಬೆನ್ನುನೋವು ಶುರುವಾದ ದಿನದಿಂದ ಹೇಳತೊಡಗಿದ.