ಅಕ್ಕನ ಕೈಯ ವಿಭೂತಿ

ಶಾಂತಾಬಾಯಿಯ ಮೈಮೇಲೆ ಕೆಂಪು ಮಚ್ಚೆ ಎದ್ದು ಎಂಟು ವರ್ಷವಾಗಿತ್ತು. ಏಳು ವರ್ಷ ಎಲ್ಲರೂ ಅದನ್ನು ಗಜಕರ್ಣ ಅಂದರು. ನಾರಾಯಣಖೇಡದ ಔಷಧಿ ಅಂಗಡಿಯಲ್ಲಿದ್ದ ಮುಲಾಮೆಲ್ಲ ತಿಕ್ಕಿ ಮುಗಿಯಿತು. ಕಡೆಗೆ ಜಹೀರಾಬಾದಿನ ಚರ್ಮದ ಡಾಕ್ಟರಮ್ಮ ತೊಡೆಯಿಂದ ಕಡಲೆಕಾಳಿನಷ್ಟು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಿ, ವರದಿ ಬಂದ ಮೇಲೆ ಕರೆದು ಹೇಳಿದರು:

“ಕ್ಯಾನ್ಸರೇ ಅದರೀ ಅಮ್ಮ. ಆದ್ರ ಅವಸರ ಇಲ್ಲದ್ದು. ರಕ್ತದಾಗಿನ ಬಿಳಿ ಕಣ ಚರ್ಮದಾಗ ಬಂದು ಕೂತಾವ. ಪೂರಾ ಕಿತ್ತಾಕಾಗಲ್ಲ, ಹತೋಟ್ಯಾಗ ಇಟ್ಕೊಂಡು ಬಾಳಬೌದು. ಇನ್ನೊಬ್ಬರಿಗಿ ಅಂಟಲ್ಲ.”

ಹತೋಟಿಗೆ ಬೆಳಕು. ವಾರಕ್ಕೆ ಮೂರು ದಿನ ಆಳೆತ್ತರದ ಪೆಟ್ಟಿಗೆಯೊಳಗೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬತ್ತಲೆ ನಿಲ್ಲಬೇಕು. ಸುತ್ತ ನೀಲಿ ದೀಪ. ಆರು ತಿಂಗಳಲ್ಲಿ ಇಳಿಯದಿದ್ದರೆ ಹೈದರಾಬಾದಿನ ದವಾಖಾನೆಯೇ ಗತಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಶಾಂತಾಬಾಯಿಯ ಗಂಡ ವೈಜಿನಾಥ ಮೂತ್ರಪಿಂಡದ ಬೇನೆಗೆಂದು ಆ ಊರಿಗೆ ತನ್ನ ಕಾಲ ಮೇಲೆ ನಡೆದು ಹೋದವನು, ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಬಂದಿದ್ದ.

“ಬೆಳಕಿನಾಗ ಎಷ್ಟಾರ ನಿಂದ್ರಸ್ರಿ, ಅಲ್ಲಿಗಿ ಮಾತ್ರ ಕಳಸಬ್ಯಾಡ್ರಿ” ಎಂದು ಶಾಂತಾಬಾಯಿ ಕೈಮುಗಿದಿದ್ದಳು.

ಸುದ್ದಿ ಕೇಳಿದ್ದೇ ಅಕ್ಕ ಪಾರ್ವತಿಬಾಯಿ ತಾಂಡೂರಿನ ಮಗನ ಮನೆ ಬಿಟ್ಟು ಒಂದು ಗಂಟು ಕಟ್ಟಿಕೊಂಡು ಬಂದು ಕೂತಳು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿದವಳು ಅವಳೇ. ಅವಳು ಮಾಡುವ ವಿಭೂತಿಗೆ ನಂಟರಲ್ಲೆಲ್ಲ ಹೆಸರು. ಆಕಳ ಸಗಣಿಯ ಬೆರಣಿಯನ್ನು ಹೊಟ್ಟಿನಲ್ಲಿ ಮುಚ್ಚಿ ಸುಟ್ಟು, ಬೂದಿಯನ್ನು ಹಳೆಯ ಧೋತರದಲ್ಲಿ ಏಳು ಸಲ ಸೋಸಿ, ನೀರಲ್ಲಿ ಕಲಸಿ ಗಟ್ಟಿ ಮಾಡಿದರೆ ಹಾಲಿನ ಕೆನೆಯ ಹಾಗೆ ಮೈಗೆ ಹತ್ತುತ್ತಿತ್ತು. ದಿನಾ ಬೆಳಿಗ್ಗೆ ಜಳಕವಾದ ಮೇಲೆ ತಂಗಿಯ ಹಣೆ, ತೋಳು, ಎದೆ, ಹೊಟ್ಟೆ, ತೊಡೆಯ ಮೇಲೆ ಮೂರು ಬೆರಳಿನಿಂದ ಎಳೆಯುವಳು. ಮಚ್ಚೆ ಇದ್ದ ಕಡೆ ಇನ್ನೊಂದು ಸಲ ಒತ್ತಿ ಎಳೆಯುವಳು.

“ಕೈ ಚಾಚು. ಮದಲಗಿತ್ತಿ ಹಂಗ ಏನ್ ನಾಚತಿ?”

“ತಣ್ಣಗ ಕೊರೀತದಕ್ಕಾ.”

“ಕೊರೀಲಿ. ಸಣ್ಣಾಕಿದ್ದಾಗ ನೀ ನನ್ನ ತಲಿ ಕೊರದು ತಿಂದಿದ್ದಕ್ಕಿಂತ ಹೆಚ್ಚೇನಲ್ಲ.”

ಬೆಳಕಿನ ದಿನವಾದರೆ ಆಮೇಲೆ ಶಾಂತಾಬಾಯಿ ಜಹೀರಾಬಾದಿನ ಬಸ್ಸು ಹತ್ತುವಳು. ದವಾಖಾನೆಯಲ್ಲಿ ನರ್ಸ್ ಪ್ರೇಮಲಾ ಪ್ರತಿ ಸಲವೂ ಕೇಳುವಳು, “ಮೈಗಿ ಏನಾರ ಹಚ್ಕೊಂಡೀರೇನಮ್ಮ?” ಶಾಂತಾಬಾಯಿ ಇಲ್ಲ ಅನ್ನುವಳು. ಸುಳ್ಳಲ್ಲ ಅದು. ಹಚ್ಚಿಕೊಳ್ಳುವುದೆಂದರೆ ಎಣ್ಣೆ, ಮುಲಾಮು. ವಿಭೂತಿ ಅವಳ ಲೆಕ್ಕದಲ್ಲಿ ಧರಿಸುವಂಥದು, ಸೀರೆಯಂಥದೂ ಅಲ್ಲ, ಚರ್ಮದಂಥದು. ರೋಗದ ಮೈಯಿಂದ ಹೇಗೂ ಬಿಳಿ ಹೊಟ್ಟು ಉದುರುತ್ತಿತ್ತು. ಬಸ್ಸಿನ ಬೆವರಿಗೆ ಮಾಸಿದ ಬೂದಿ ಅದರಲ್ಲಿ ಯಾರ ಕಣ್ಣಿಗೂ ಬೇರೆಯಾಗಿ ಕಾಣಲಿಲ್ಲ.

ಆರು ತಿಂಗಳು ತುಂಬಿದ ದಿನ ಡಾಕ್ಟರಮ್ಮ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ ನೋಡಿದರು. ಬೆನ್ನು ತಿಳಿಯಾಗಿತ್ತು. ತೋಳಿನ ಮೇಲೆ, ಎದೆಯ ಮೇಲೆ ನಡುನಡುವೆ ಚರ್ಮ ಸ್ವಚ್ಛವಾಗಿ, ಕೆಂಪು ಮಾತ್ರ ಗೆರೆಗೆರೆಯಾಗಿ ಉಳಿದಿತ್ತು. ಮೂರು ಮೂರು ಗೆರೆ.

“ಇಂಥ ರೋಗ ನಾ ನೋಡೇ ಇಲ್ಲ” ಎಂದು ಅವರು ಒಂದು ಗೆರೆಯ ಮೇಲೆ ಬೆರಳು ಎಳೆದರು. ಬೆರಳ ತುದಿ ಬೆಳ್ಳಗಾಯಿತು. ಮೂಸಿ ನೋಡಿದರು. “ಇದೇನಮ್ಮ?”

“ಈಭೂತಿರಿ.”

ಡಾಕ್ಟರಮ್ಮ ಕುರ್ಚಿಯಲ್ಲಿ ಕೂತುಬಿಟ್ಟರು. “ಬೆಳಕು ಬೂದಿ ದಾಟಿ ಒಳಗ ಹೋಗೇ ಇಲ್ಲಮ್ಮ. ಎಲ್ಲಿ ರೋಗ ಅದನೋ ಅಲ್ಲೇ ಛತ್ರಿ ಹಿಡದೀರಿ.”

ಪ್ರೇಮಲಾ ಗೋಡೆಯ ಕಡೆ ಮುಖ ಮಾಡಿದಳು.

ತೆಳ್ಳನೆಯ ಗೆರೆಗಳಿಗೆ ಇನ್ನೂ ಮೂರು ತಿಂಗಳು ಬೆಳಕು ಕೊಡಬಹುದಿತ್ತು. ತೊಡೆಯ ಮೇಲಿನದು ಮಾತ್ರ ಅಡಿಕೆಯಷ್ಟು ಗಂಟಾಗಿತ್ತು. ಅದನ್ನು ಕಿರಣದಿಂದ ಸುಡುವ ಯಂತ್ರ ಜಹೀರಾಬಾದಿನಲ್ಲಿರಲಿಲ್ಲ. ಡಾಕ್ಟರಮ್ಮ ಚೀಟಿ ಬರೆದರು: ಹೈದರಾಬಾದು, ಬರುವ ಸೋಮವಾರ.

ಮನೆಯಲ್ಲಿ ಚೀಟಿ ಕಂಡದ್ದೇ ಪಾರ್ವತಿಬಾಯಿ ಎದೆ ಬಡಿದುಕೊಂಡಳು. “ನನ್ನ ಸೇವಾದಾಗೇ ಕಮ್ಮಿ ಬಿತ್ತು. ನಾಳಿಂದ ಎರಡ ಹೊತ್ತು ಧರಸ್ತೀನಿ.”

ಶಾಂತಾಬಾಯಿ ಬಸ್ಸಿನ ಉದ್ದಕ್ಕೂ ಒಂದು ಸುಳ್ಳು ಜೋಡಿಸಿಕೊಂಡು ಬಂದಿದ್ದಳು. ಬಾಯಿಗೆ ಬರಲಿಲ್ಲ. ಹೇಳದಿದ್ದರೆ ಅಕ್ಕ ತನ್ನ ಸೇವೆ ಕಡಿಮೆಯಾಯಿತೆಂದು ಕೊರಗುವಳು, ಹೇಳಿದರೆ ಹೆಚ್ಚಾಯಿತೆಂದು.

“ಮುಂಜಾನಿ ಬ್ಯಾಡಕ್ಕಾ. ಬೆಳಕು ತಗೊಂಡು ಬಂದ ಮ್ಯಾಲ ಧರಸು.”

“ಯಾಕ?”

“ಬೂದಿ ಇದ್ರ ಬೆಳಕು ಒಳಗ ಇಳಿಯಲ್ಲಂತ.”

ಪಾರ್ವತಿಬಾಯಿ ತಂಗಿಯ ಮುಖ ನೋಡಿದಳು. “ಎಂದಿಂದ?”

ಶಾಂತಾಬಾಯಿ ಚೀಟಿಯನ್ನು ಮಡಚತೊಡಗಿದಳು.

“ಆ ತೊಡೀ ಮ್ಯಾಗಿಂದು... ನಾ ಒತ್ತಿ ಎಳೀತಿದ್ನಲ್ಲ, ಅದಕ್ಕೇ ಗಂಟಾತೇನು?”

“ಗೊತ್ತಿಲ್ದೆ ಆಗ್ಯಾದ. ಇಬ್ರಿಗೂ ಗೊತ್ತಿದ್ದಿಲ್ಲ.”

ಆ ರಾತ್ರಿ ಅಕ್ಕ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಗಂಟು ಕಟ್ಟಿದ್ದಳು, ಅವಳ ಹಣೆಯೂ ವಿಭೂತಿಯಿಲ್ಲದೆ ಬರಿದಾಗಿತ್ತು. “ತಾಂಡೂರಿಗಿ ಹೋಗ್ತೀನಿ. ಈ ಕೈ ನಿನ್ನ ಮೈ ಹಂತ್ಯಾಕ ಇರಬಾರದು.”

ಅಂದು ಬೆಳಕಿನ ದಿನ. ಇಬ್ಬರೂ ಒಂದೇ ಬಸ್ಸಿನಲ್ಲಿ ಜಹೀರಾಬಾದಿಗೆ ಬಂದರು, ಗಂಟು ಶಾಂತಾಬಾಯಿಯ ಕೈಯಲ್ಲಿ. ನಿಲ್ದಾಣದಲ್ಲಿ ತಾಂಡೂರಿನ ಬಸ್ಸು ಹೊರಡುವ ಸದ್ದು ಮಾಡುತ್ತಿತ್ತು. ಪಾರ್ವತಿಬಾಯಿ ಗಂಟಿಗೆ ಕೈ ಚಾಚಿದಳು. ಶಾಂತಾಬಾಯಿ ಅದನ್ನು ಕಂಕುಳಲ್ಲಿ ಬಿಗಿದಳು.

“ಕೊಡು.”

“ಕೊಡಲ್ಲ.”

“ಕೂಸಿನ ಹಂಗ ಹಟ ಮಾಡಬ್ಯಾಡ. ಮಂದಿ ನೋಡ್ಲಿಕತ್ಯಾರ.”

“ನೋಡ್ಲಿ. ಸೋಮವಾರ ಆ ದವಾಖಾನಿ ಮೆಟ್ಲ ನಾ ಒಬ್ಬಾಕಿ ಹತ್ತಲ್ಲ. ನಿನ್ನ ಸೀರಿ ಬೇಕಾದ್ರ ಅಲ್ಲಿ ಬಂದು ತಗೋ.”

ಕಂಡಕ್ಟರ್ ಸೀಟಿ ಊದಿದ. ಪಾರ್ವತಿಬಾಯಿ ಬರಿಗೈಯಲ್ಲಿ ಹತ್ತಿ ಕಿಟಕಿಯ ಪಕ್ಕ ಕೂತಳು, ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು. ಬರುತ್ತೇನೆ ಅನ್ನಲಿಲ್ಲ, ಬರಲ್ಲ ಅನ್ನಲೂ ಇಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಶಾಂತಾಬಾಯಿ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿ ದವಾಖಾನೆಯ ಕಡೆ ನಡೆದಳು.