ಕಿವಿ ಕೊಯ್ಯದ ಟಗರು

ಅಲ್ಲಾಬಕ್ಷ್ ಅವರ ಮನೆಗೆ ಬೀಗ ಹಾಕಿತ್ತು. ಅಪ್ಪ ಟಗರಿನ ಹಗ್ಗ ಹಿಡಿದು ಬಾಗಿಲ ಮುಂದೆಯೇ ನಿಂತ. ನಾನು ಪಕ್ಕದ ಮನೆಯಲ್ಲಿ ವಿಚಾರಿಸಿದೆ.

"ಎಲ್ಲಾರೂ ನುಮಾಯಿಶ್ ನೋಡಾಕ ಹೋಗ್ಯಾರವ್ವ. ಸಂಜಿತನಕ ಬರೂದಿಲ್ಲ" ಎಂದಳು ಅಲ್ಲಿದ್ದ ಮುದುಕಿ.

ಗೋಡೆಗೆ ಅಂಟಿಸಿದ ಕಾಗದಗಳಲ್ಲಿ 'ಕೃಷಿ ಮತ್ತು ಪಶು ಪ್ರದರ್ಶನ' ಎಂದಿತ್ತು. ರಾಯಚೂರಿನ ಹಿರಿಯರಿಗೆ ಅದು ನಿಜಾಮರ ಕಾಲದ ಮಾತಿನಲ್ಲಿ ಇನ್ನೂ ನುಮಾಯಿಶ್.

ಕಲ್ಲೂರಿನಿಂದ ನಾವು ಬಂದದ್ದು ಹತ್ತಿಯ ಲಾರಿಯಲ್ಲಿ. ಬಕ್ರೀದ್ ಹತ್ತಿರವಾಗಿತ್ತು, ಟಗರನ್ನು ಅಲ್ಲಾಬಕ್ಷ್ ಅವರಿಗೆ ಒಪ್ಪಿಸಬೇಕಿತ್ತು. ಪ್ರತಿವರ್ಷ ಕುರಿ ಈಯುವ ಕಾಲಕ್ಕೆ ಅಲ್ಲಾಬಕ್ಷ್ ನಮ್ಮ ಹಟ್ಟಿಗೆ ಬಂದು ಒಂದು ಗಂಡುಮರಿಯನ್ನು ತೋರಿಸಿ ಹೋಗುತ್ತಿದ್ದರು. ಆವತ್ತಿನಿಂದ ಅದು ಅವರದು. ಸಾಕುವುದು ಮಾತ್ರ ನಾವು. ಹಿಂಡುಗಳು ಬೆರೆತರೆ ಬೇರ್ಪಡಿಸಲೆಂದು ನಮ್ಮವರು ಮರಿಗಳ ಕಿವಿಯನ್ನು ಕೊಯ್ದು ಗುರುತು ಮಾಡುತ್ತಾರೆ, ಒಂದೊಂದು ಮನೆಗೆ ಒಂದೊಂದು ಬಗೆಯ ಕೊಯ್ತ. ಅಲ್ಲಾಬಕ್ಷ್ ತೋರಿಸಿದ ಮರಿಯ ಕಿವಿಗೆ ಮಾತ್ರ ಅಪ್ಪ ಕತ್ತಿ ಮುಟ್ಟಿಸುತ್ತಿರಲಿಲ್ಲ. ಕುರ್ಬಾನಿಯ ಪ್ರಾಣಿಗೆ ಊನವಿರಬಾರದು. ಹೀಗೆಂದು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ, ಅಪ್ಪ ಕೇಳಿದ್ದೂ ಇಲ್ಲ.

"ಇಲ್ಲೇ ಕಟ್ಟಿ ಮ್ಯಾಲ ಕುಂದ್ರೂಣು" ಎಂದೆ.

"ಸಂಜಿತನಕ ಏನ್ ಬಾಗಲಾ ಕಾಯ್ತಿ? ನಡಿ, ಅಲ್ಲೇ ಸಿಗ್ತಾರ."

ಮೈದಾನದ ದೊಡ್ಡ ಬಾಗಿಲಲ್ಲಿ ಕಾವಲಿನವನು ಟಗರನ್ನು ನೋಡಿ, "ಪ್ರಾಣಿ ಇದ್ದೋರು ಆ ಕಡಿ" ಎಂದು ಹಿಂದಿನ ಬಾಗಿಲಿಗೆ ಅಟ್ಟಿದ. ಒಳಗೆ ಹೋದರೆ ಎರಡೂ ಕಡೆ ಹಗ್ಗ, ನಡುವೆ ಕುರಿಗಳ ಸಾಲು. ಹಿಂದಿನಿಂದ ಜನ ನೂಕುತ್ತಿದ್ದರು. ಅದು ಸ್ಪರ್ಧೆಯ ಸಾಲು, ಅಪ್ಪನಿಗೆ ಮೈದಾನದೊಳಗೆ ಹೋಗುವ ದಾರಿಯಷ್ಟೇ ಅನ್ನಿಸಿತ್ತು. ಸಾಲಿನ ತುದಿಯಲ್ಲಿ ಖಾಕಿ ಅಂಗಿಯವನೊಬ್ಬ ಇಕ್ಕಳದಂಥ ಸಾಧನದಿಂದ ಒಂದೊಂದೇ ಕುರಿಯ ಕಿವಿಗೆ ಹಿತ್ತಾಳೆ ಬಿಲ್ಲೆ ಚುಚ್ಚುತ್ತಿದ್ದುದು ನನಗೆ ಕಂಡಿತು.

"ಯಪ್ಪಾ, ಕಿವಿ ತೂತು ಮಾಡಾಕತ್ತಾರ. ಹೊರಗ ಹೋಗೂಣು."

ಮುಂದೆ ನಿಂತಿದ್ದ ಗುಂಜಹಳ್ಳಿಯ ಕನಕಪ್ಪ ತಿರುಗಿದ. ಅಪ್ಪನಿಗೆ ಹಳೆಯ ಪರಿಚಯ. "ಏನಲೇ ಜಂಬಣ್ಣ, ಕಿವಿಗೆ ಗುರುತೇ ಇಲ್ಲ! ಯಾರ ಹಟ್ಟ್ಯಾಗ ಕದ್ದಿ?"

"ನಿಮ್ಮ ಹಟ್ಟ್ಯಾಗ ಇಂಥಾದ್ದು ಇದ್ದಿದ್ರ ಅಲ್ಲೇ ಕದೀತಿದ್ದೆ."

ಸುತ್ತಲಿನವರು ನಕ್ಕರು. ದನದ ಡಾಕ್ಟರು ಬಂದು ಟಗರಿನ ಬೆನ್ನು ಒತ್ತಿ, ಉಣ್ಣೆ ಬಿಡಿಸಿ, ಹಲ್ಲು ನೋಡಿದರು. ಎದ್ದು ನಿಂತು ಇನ್ನೊಮ್ಮೆ ನೋಡಿದರು.

"ಇಷ್ಟೊತ್ತು ಎಲ್ಲಿದ್ದೆಯಪ್ಪ? ಇಡೀ ಸಾಲಿನಲ್ಲಿ ಇಂಥದ್ದಿಲ್ಲ. ಯಾರದು ಇದು?"

"ನಂದ್ರಿ" ಎಂದ ಅಪ್ಪ.

ನಾನು ತಲೆ ಎತ್ತಿದೆ. ಹಗ್ಗದ ಆಚೆ, ನೋಡುವವರ ಗುಂಪಿನಲ್ಲಿ, ಅಲ್ಲಾಬಕ್ಷ್ ನಿಂತಿದ್ದರು. ಹೆಗಲ ಮೇಲೆ ಮೊಮ್ಮಗಳು. ಅವರು ನಮ್ಮನ್ನು ನೋಡಿದ್ದರು, ಆದರೆ ಕರೆಯಲಿಲ್ಲ.

"ಬಿಲ್ಲೆ ಇಲ್ಲದ ಕುರಿ ಸ್ಪರ್ಧೆಗೆ ಬರೂದಿಲ್ಲ" ಎಂದ ಖಾಕಿ ಅಂಗಿಯವನು. "ಹಿಡಿ, ಜಲ್ದಿ."

"ದಾರದಾಗ ಕೊರಳಿಗೆ ಕಟ್ಟಿದ್ರ ಆಗೂದಿಲ್ಲೇನ್ರಿ?" ಎಂದ ಅಪ್ಪ.

"ಮದಿವಿ ಮಾಡಾಕ ತಂದೀಯೇನು, ಕೊರಳಿಗೆ ಕಟ್ಟಾಕ?"

ಮತ್ತೆ ನಗು. ಅಪ್ಪ ನಗಲಿಲ್ಲ. ಟಗರಿನ ಕೊಂಬಿನ ಬುಡವನ್ನು ಉಜ್ಜುತ್ತ ನಿಂತ.

"ಯಪ್ಪಾ" ಎಂದೆ.

"ಗೊತ್ತದವ್ವ. ಸಣ್ಣ ತೂತು. ಅವರೇನೂ ಅನ್ನೂದಿಲ್ಲ."

ಎರಡೂ ಕೊಂಬು ಹಿಡಿದು ತಲೆಯನ್ನು ತಾನೇ ಒಡ್ಡಿದ. ಟಗರು ಒಮ್ಮೆ ಕೊಸರಿತು, ಅಷ್ಟೆ.

ಮೊದಲ ಬಹುಮಾನ ಬಂತು: ಒಂದು ತಂಬಿಗೆ, ಟಗರಿನ ಕೊರಳಿಗೆ ಕೆಂಪು ಪಟ್ಟಿ. ಮೈಕಿನಲ್ಲಿ ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಕೂಗಿದರು. ಕನಕಪ್ಪನೇ ಮೊದಲು ಚಪ್ಪಾಳೆ ತಟ್ಟಿದ.

ಆಮೇಲೆ ಅಲ್ಲಾಬಕ್ಷ್ ಹಗ್ಗ ದಾಟಿ ಬಂದರು. ಅಪ್ಪ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಶಭಾಷ್ ಜಂಬಣ್ಣ" ಎಂದು ಟಗರಿನ ಬೆನ್ನು ತಟ್ಟಿದರು. ಕಿವಿಯನ್ನು ಮುಟ್ಟಲಿಲ್ಲ.

"ಸಣ್ಣದದರಿ ಸಾಹೇಬ್ರ. ಬಿಲ್ಲಿ ತಗದ್ರ ಮಾಯ್ತದ. ನಿಮ್ಮ ಮನಿ ಮುಂದ ಕಟ್ಟಿ ಹೋಗ್ತೀನಿ."

"ಸಣ್ಣದೇ. ಖಾಜಿನ್ನ ಕೇಳಿದ್ರ ನಡೀತದ ಅಂತಾರ." ಮೊಮ್ಮಗಳನ್ನು ಕೆಳಗಿಳಿಸಿದರು. "ಇಷ್ಟು ವರ್ಷ ನಿನ್ನ ಟಗರಿಗೆ ಖಾಜಿನ್ನ ಕೇಳೋ ಕೆಲಸ ಬಂದಿದ್ದಿಲ್ಲ ನೋಡು. ಹೊಡಕೊಂಡು ಹೋಗು. ನಿಂದೇ ಅಂದೀಯಲ್ಲ, ನಿಂದೇ ಇರ್ಲಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮಿಬ್ಬರಿಗೂ ಕಬ್ಬಿನ ಹಾಲು ಕುಡಿಸಿ, ನನ್ನ ಓದಿನ ಬಗ್ಗೆ ಕೇಳಿ, ಮೊಮ್ಮಗಳಿಗೆ ಟ್ರ್ಯಾಕ್ಟರ್ ತೋರಿಸಲು ಕರೆದುಕೊಂಡು ಹೋದರು.

ಸಂಜೆ ಅದೇ ಲಾರಿಯಲ್ಲಿ ಟಗರನ್ನು ಹತ್ತಿಸಿಕೊಂಡು ಊರಿಗೆ ಮರಳಿದೆವು. ಹಟ್ಟಿಯಲ್ಲಿ ಜನ ಸೇರಿ ತಂಬಿಗೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಹಬ್ಬದ ದಿನ ಅಲ್ಲಾಬಕ್ಷ್ ಅವರ ಮನೆಯಿಂದ ನಮಗೆ ಬರುವ ಮಾಂಸದ ಪಾಲು ಎಂದಿನಂತೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಅವ್ವ ಸಾರು ಮಾಡಿದಳು. ಅಪ್ಪ ರೊಟ್ಟಿ ಮುರಿದು ಅದ್ದಿದ.

"ಯಾರ ಹಿಂಡಿಂದೋ ಏನೋ" ಎಂದ.

ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಅಪ್ಪ ಅದನ್ನೂ ತಿಂದ.